ಹಣಕಾಸಿನ ವೃತ್ತಿಗೆ ಯಾವ ಪದವಿ ಓದಬೇಕು?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ತಂತಮ್ಮ ವೃತ್ತಿಯ ಅನುಭವದಿಂದ, ಈಗ ಓದುತ್ತಿರುವ ಮಕ್ಕಳಿಗೆ ಪ್ರಯೋಜನವಾಗುವಂತಹ ವಿಷಯವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿಕೊಂಡಿದ್ದಾರೆ. ನಾನು ಸಾಹಿತಿಯಲ್ಲ. ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು, ಅದರಲ್ಲಿ ಬಹುಪಾಲನ್ನು ತಿರುಪ್ಪೂರಿನಲ್ಲಿ ವಿದೇಶಿ ವಿನಿಮಯದ ಮೇಜಿನ ಮುಂದೆ ಕಳೆದು ನಿವೃತ್ತನಾದವನು. ಆದುದರಿಂದ ನನಗೆ ತಿಳಿದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಬ್ಯಾಂಕು, ಲೆಕ್ಕಪರಿಶೋಧನೆ, ವಿಮೆ, ಷೇರುಪೇಟೆ ಇವೆಲ್ಲವನ್ನೂ ಸೇರಿಸಿ ನಾವು ಹಣಕಾಸು ಎಂದು ಕರೆಯುವ ಕ್ಷೇತ್ರಕ್ಕೆ ಹೋಗಬಯಸುವ ಹುಡುಗ ಹುಡುಗಿಯರು ಕಾಲೇಜಿನಲ್ಲಿ ಏನನ್ನು ಓದಬೇಕು ಎಂಬುದೇ ಆ ವಿಷಯ.

ಪ್ರತಿ ವರ್ಷವೂ ಪ್ಲಸ್ ಟು ಫಲಿತಾಂಶ ಹೊರಬಿದ್ದ ಮರುದಿನದಿಂದ ಈ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೆ ಬರುತ್ತದೆ. ಕೇಳುವವರು ಹೆಚ್ಚಾಗಿ ನಮ್ಮವರೇ: ಕೊಯಮತ್ತೂರಿನ ಹಳೆಯ ಬೀದಿಗಳಲ್ಲಿ, ನೆಗಮಂ, ಸಿರುಮುಗೈಗಳಂತಹ ಊರುಗಳಲ್ಲಿ ತಲೆಮಾರುಗಳಿಂದ ಮಗ್ಗ ನಂಬಿ ಬಾಳಿದ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗ ಕುಟುಂಬಗಳು, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ದುಡಿಮೆಗೆಂದು ಬಂದು ನೆಲೆನಿಂತ ಕರ್ನಾಟಕದ ಕುಟುಂಬಗಳು. ಇಂತಹ ಮನೆಗಳಲ್ಲಿ ಒಂದು ಮಗುವನ್ನು ಕಾಲೇಜಿಗೆ ಕಳುಹಿಸುವುದೆಂದರೆ ಒಂದು ಮಗ್ಗದ ಸಂಪಾದನೆಯನ್ನು ಮೂರು ವರ್ಷ ಅದಕ್ಕಾಗಿ ಎತ್ತಿಟ್ಟಂತೆ. ತಪ್ಪಾದ ಕೋರ್ಸಿಗೆ ಕಟ್ಟಿದ ಶುಲ್ಕ ಹಿಂದಕ್ಕೆ ಬರುವುದಿಲ್ಲ. ವರ್ಷಗಳಂತೂ ಬರುವುದೇ ಇಲ್ಲ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಸಿರುಮುಗೈಯ ನೇಕಾರರೊಬ್ಬರು, ದೂರದಿಂದ ನಮಗೆ ನಂಟರೇ ಆಗಬೇಕು, ಮಗಳನ್ನು ಜೊತೆಗೆ ಕರೆದುಕೊಂಡು ಬಂದರು. "ಮಾವ, ಮಗಳಿಗೆ ಬಿ.ಕಾಂ. ಸಿ.ಎ. ಸೀಟು ಸಿಕ್ಕಿತು. ಮೂರು ವರ್ಷ ಆದರೆ ಆಡಿಟರ್ ಆಗಿಬಿಡುತ್ತಾಳಲ್ಲವೆ?" ಎಂದು ಸಂತೋಷದಿಂದ ಕೇಳಿದರು. ಶುಲ್ಕಕ್ಕೆಂದು ಹೆಂಡತಿಯ ಸರ ಅಡವಿಡುವ ಮಾತೂ ನಡೆದಿತ್ತು. ನಮ್ಮ ಭಾಗದ ಕಾಲೇಜುಗಳ ಬಿ.ಕಾಂ. ಸಿ.ಎ. ಎಂಬುದರಲ್ಲಿ ಆ ಎರಡಕ್ಷರ ಸೂಚಿಸುವುದು ಕಂಪ್ಯೂಟರ್ ಅಪ್ಲಿಕೇಷನ್ಸ್ ಎಂಬುದನ್ನು, ಚಾರ್ಟರ್ಡ್ ಅಕೌಂಟೆಂಟ್ ಎಂಬುದನ್ನಲ್ಲ. ವಾಣಿಜ್ಯದ ಜೊತೆಗೆ ಒಂದಿಷ್ಟು ಕಂಪ್ಯೂಟರ್ ಕಲಿಸುವ ಪದವಿ ಅದು. ಪದವಿಯಾಗಿ ಅದರಲ್ಲಿ ದೋಷವೇನೂ ಇಲ್ಲ. ಆದರೆ ಆಡಿಟರ್ ಆಗುವ ದಾರಿ ಬೇರೆಯೇ ಇದೆ. ಇದನ್ನು ತಿಳಿಯದೆ ಹೆಸರಿಗೆ ಮರುಳಾಗಿ ಹಣ ಕಟ್ಟಿದ ಪೋಷಕರನ್ನು ನಾನು ಒಬ್ಬಿಬ್ಬರನ್ನಲ್ಲ, ಹಲವರನ್ನು ಕಂಡಿದ್ದೇನೆ. ಈ ಹುಡುಗಿಯ ಕಥೆಯನ್ನು ಮುಂದೆ ಹೇಳುತ್ತೇನೆ.

ಹಣಕಾಸು ಎಂಬುದು ಒಂದೇ ಉದ್ಯೋಗವಲ್ಲ. ನೇಯ್ಗೆ ಎಂದರೆ ನೂಲು ಸುತ್ತುವವರು, ಹಾಸು ಕಟ್ಟುವವರು, ಬಣ್ಣ ಹಾಕುವವರು, ನೇಯುವವರು ಎಲ್ಲರೂ ಸೇರಿದಂತೆ ಇದರಲ್ಲಿಯೂ ಬೇರೆ ಬೇರೆ ಕೈಗಳಿವೆ. ಆಗಿಹೋದದ್ದನ್ನು ಸರಿಯಾಗಿ ಬರೆದಿಟ್ಟು ಪರಿಶೀಲಿಸುವುದು ಒಂದು ಕೆಲಸ. ಲೆಕ್ಕಪತ್ರ, ತೆರಿಗೆ, ಆಡಿಟ್ ಇವು ಅದಕ್ಕೆ ಸೇರಿದವು. ಇಂದು ಯಾರಿಗೆ ಎಷ್ಟು ಸಾಲ ಕೊಡಬಹುದು, ಕೈಯಲ್ಲಿರುವ ಹಣವನ್ನು ಎಲ್ಲಿ ತೊಡಗಿಸಬಹುದು ಎಂದು ನಿರ್ಧರಿಸುವುದು ಇನ್ನೊಂದು, ಅದು ಬ್ಯಾಂಕಿನವರದು. ಇನ್ನೂ ಆಗದಿರುವುದನ್ನು ಅಳೆಯುವುದು ಮೂರನೆಯದು: ಒಂದು ಸಾವಿರ ಜನರಲ್ಲಿ ಎಷ್ಟು ಮಂದಿ ಮುಂದಿನ ವರ್ಷ ವಿಮೆಯ ಹಣ ಕೇಳಬಹುದು, ಡಾಲರಿನ ಬೆಲೆ ಎಷ್ಟರ ಮಟ್ಟಿಗೆ ಏರಿಳಿಯಬಹುದು ಎಂಬಂತಹವು. ಮೊದಲನೆಯದಕ್ಕೆ ವಾಣಿಜ್ಯ, ಮೂರನೆಯದಕ್ಕೆ ಗಣಿತ ಅಥವಾ ಸಂಖ್ಯಾಶಾಸ್ತ್ರ ನೇರವಾದ ದಾರಿ. ಎರಡನೆಯದಕ್ಕೆ ಯಾವ ಪದವಿಯಾದರೂ ಸಲ್ಲುತ್ತದೆ.

ಯಾವ ಪದವಿಯಾದರೂ ಎಂದುದನ್ನು ಓದುಗರು ಉತ್ಪ್ರೇಕ್ಷೆ ಎಂದುಕೊಳ್ಳಬಾರದು. ಕನ್ನಡ ನಾಡಿನ ಬ್ಯಾಂಕುಗಳ ಇತಿಹಾಸವನ್ನೇ ನೋಡಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ವಕೀಲರು. 1913ರಲ್ಲಿ ಮೈಸೂರು ಬ್ಯಾಂಕಿನ ಸ್ಥಾಪನೆಗೆ ಕಾರಣರಾದ ದಿವಾನ್ ವಿಶ್ವೇಶ್ವರಯ್ಯನವರು ಇಂಜಿನಿಯರು. 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದ ಮೂವರಲ್ಲಿ ಉಪೇಂದ್ರ ಅನಂತ ಪೈಗಳು ವ್ಯಾಪಾರಿ, ವಾಮನ ಕುಡ್ವರು ಇಂಜಿನಿಯರು, ಟಿ.ಎಂ.ಎ. ಪೈಗಳು ವೈದ್ಯರು. ಆ ಬ್ಯಾಂಕು ಹುಟ್ಟಿದುದೇ ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗಲೆಂದು ಎಂಬುದು ನಮ್ಮವರು ನೆನಪಿಡಬೇಕಾದ ಸಂಗತಿ. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿದ್ದರು. ಮೈಸೂರು ಬ್ಯಾಂಕಿನ ಮುಂದುವರಿಕೆಯಾದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು ಆ ಹೆಸರುಗಳು ಈಗ ಇಲ್ಲವಾಗಿವೆ.

ನಮ್ಮ ಜಿಲ್ಲೆಯ ಉದಾಹರಣೆಯೂ ಇದೆ. ಸ್ವತಂತ್ರ ಭಾರತದ ಮೊದಲ ಆಯವ್ಯಯವನ್ನು 1947ರ ನವೆಂಬರ್ 26ರಂದು ಮಂಡಿಸಿದ ಆರ್.ಕೆ. ಷಣ್ಮುಖಂ ಚೆಟ್ಟಿಯಾರ್ ಕೊಯಮತ್ತೂರಿನವರು, ಕಾನೂನು ಓದಿದವರು. ಪೊಳ್ಳಾಚಿಯ ಸಮೀಪದಲ್ಲಿ ಹುಟ್ಟಿದ ಸಿ. ಸುಬ್ರಹ್ಮಣ್ಯಂ ಅವರು ಭೌತಶಾಸ್ತ್ರದಲ್ಲಿ ಪದವಿ ಪಡೆದು ಅನಂತರ ಕಾನೂನು ಓದಿದರು. ಗ್ರಾಮೀಣ ಬ್ಯಾಂಕುಗಳು 1975ರಲ್ಲಿ ಆರಂಭವಾದಾಗ ಹಣಕಾಸು ಸಚಿವರಾಗಿದ್ದವರು ಅವರೇ. ಆದರೆ ಇಂತಹ ಹಿರಿಯರ ಹೆಸರು ಹೇಳಿ "ಏನು ಓದಿದರೂ ಆದೀತು" ಎಂದು ಮಗುವಿಗೆ ಬುದ್ಧಿ ಹೇಳುವುದು ಸರಿಯಲ್ಲ. ಅವರ ಕಾಲದಲ್ಲಿ ಬಾಗಿಲುಗಳಿಗೆ ಕಾವಲುಗಾರರಿರಲಿಲ್ಲ. ಈಗ ಒಂದೊಂದು ಬಾಗಿಲಿಗೂ ಒಂದೊಂದು ಪರೀಕ್ಷೆ, ಒಂದೊಂದು ಅರ್ಹತೆ ಇದೆ.

ಚಾರ್ಟರ್ಡ್ ಅಕೌಂಟೆಂಟ್ ವೃತ್ತಿಯನ್ನು ನಿಯಂತ್ರಿಸುವುದು 1949ರ ಕಾಯಿದೆಯಿಂದ ಸ್ಥಾಪಿತವಾದ ಸಂಸ್ಥೆ, ಯಾವ ಕಾಲೇಜೂ ಅಲ್ಲ. ಪ್ಲಸ್ ಟು ಮುಗಿಸಿದವರು ಫೌಂಡೇಷನ್ ಪರೀಕ್ಷೆ ಬರೆದು, ಅನಂತರ ಇಂಟರ್‌ಮೀಡಿಯೇಟ್, ಫೈನಲ್ ಎಂದು ಮುಂದುವರಿಯಬಹುದು. ಪದವೀಧರರಾದರೆ ಫೌಂಡೇಷನ್ ಬೇಕಿಲ್ಲ. ವಾಣಿಜ್ಯ ಪದವೀಧರರಿಗೆ ಶೇಕಡಾ 55, ಇತರರಿಗೆ ಶೇಕಡಾ 60 ಅಂಕಗಳಿದ್ದರೆ ನೇರವಾಗಿ ಇಂಟರ್‌ಮೀಡಿಯೇಟ್‌ಗೆ ನೋಂದಾಯಿಸಿಕೊಳ್ಳಬಹುದು. ಅಂದರೆ ಗಣಿತವನ್ನೋ ಇಂಗ್ಲಿಷನ್ನೋ ಓದಿದವರಿಗೂ ಈ ಬಾಗಿಲು ಮುಚ್ಚಿಲ್ಲ. ನಡುವೆ ಆಡಿಟರೊಬ್ಬರ ಬಳಿ ತರಬೇತಿ ಪಡೆಯಬೇಕು. ಹಿಂದೆ ಮೂರು ವರ್ಷವಿದ್ದ ಈ ಅವಧಿಯನ್ನು 2023ರ ಹೊಸ ವ್ಯವಸ್ಥೆಯಲ್ಲಿ ಎರಡು ವರ್ಷಕ್ಕೆ ಇಳಿಸಲಾಗಿದೆ. ಪರೀಕ್ಷೆ ಕಠಿಣ. ಮೊದಲ ಪ್ರಯತ್ನದಲ್ಲಿಯೇ ಎಲ್ಲರೂ ತೇರ್ಗಡೆಯಾಗುವುದಿಲ್ಲ ಎಂಬುದನ್ನು ಮನೆಯವರು ಮೊದಲೇ ಮನಸ್ಸಿಗೆ ತಂದುಕೊಂಡಿರಬೇಕು. ಇಲ್ಲವಾದರೆ ಎರಡನೆಯ ಪ್ರಯತ್ನಕ್ಕೆ ಮುನ್ನವೇ ಮದುವೆಯ ಮಾತು ಆರಂಭವಾಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಬಹಳ ಸಲ ಕಂಡು ನೊಂದಿದ್ದೇನೆ.

ಆಡಿಟರ್ ಎಂಬ ಹೆಸರಿನ ಪ್ರಭೆಯಲ್ಲಿ ನಮ್ಮವರು ಕಡೆಗಣಿಸುವ ಇನ್ನೊಂದು ವೃತ್ತಿ ವೆಚ್ಚ ಲೆಕ್ಕಿಗರದು. 1959ರ ಕಾಯಿದೆಯಡಿ ಇದಕ್ಕೂ ಪ್ರತ್ಯೇಕ ಸಂಸ್ಥೆಯಿದೆ. ಗಿರಣಿಗಳೂ ಹೆಣಿಗೆ ಕಾರ್ಖಾನೆಗಳೂ ತುಂಬಿರುವ ನಮ್ಮ ಎರಡು ಜಿಲ್ಲೆಗಳಿಗೆ ಇದಕ್ಕಿಂತ ಹೊಂದುವ ವೃತ್ತಿ ಬೇರೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಟೀ ಷರ್ಟಿನ ಬೆಲೆ ಎಷ್ಟು? ನೂಲು, ಹೆಣಿಗೆ, ಬಣ್ಣ, ಕತ್ತರಿಸುವಿಕೆ, ಹೊಲಿಗೆ, ತಪಾಸಣೆ, ಪ್ಯಾಕಿಂಗ್ ಎಂದು ಏಳೆಂಟು ಕೈ ದಾಟುವ ಆ ಬಟ್ಟೆ ಪ್ರತಿ ಹಂತದಲ್ಲಿಯೂ ಸ್ವಲ್ಪ ತೂಕವನ್ನು ಕಳೆದುಕೊಂಡು ಸ್ವಲ್ಪ ಕೂಲಿಯನ್ನು ಸೇರಿಸಿಕೊಳ್ಳುತ್ತದೆ. ನೂಲು ಕೊಂಡ ದಿನದಿಂದ ಹೊರದೇಶದ ಹಣ ಬರುವ ದಿನದವರೆಗೆ ಬಡ್ಡಿ ಓಡುತ್ತಲೇ ಇರುತ್ತದೆ. 2011ರ ಜನವರಿಯಲ್ಲಿ ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಿಂದ ತಿರುಪ್ಪೂರಿನ ನೂರಾರು ಬಣ್ಣದ ಕಾರ್ಖಾನೆಗಳು ಮುಚ್ಚಿದುವು. ತ್ಯಾಜ್ಯ ನೀರಿನ ಒಂದು ಹನಿಯನ್ನೂ ಹೊರಬಿಡದೆ ಶುದ್ಧೀಕರಿಸುವವರಿಗೆ ಮಾತ್ರ ಮತ್ತೆ ತೆರೆಯಲು ಅನುಮತಿ ದೊರೆಯಿತು. ಅಂದಿನಿಂದ ಆ ಶುದ್ಧೀಕರಣದ ವೆಚ್ಚವೂ ಒಂದು ಷರ್ಟಿನ ಬೆಲೆಯಲ್ಲಿ ಸೇರಬೇಕಾಯಿತು. ಅದನ್ನು ಕಿಲೋ ಬಟ್ಟೆಗೆ ಇಷ್ಟು ಎಂದು ಹಂಚಿ ಹೇಳಬಲ್ಲವರು ಎಷ್ಟು ಮಂದಿ ಇದ್ದರು? ಆರ್ಡರು ತುಂಬ ಇದ್ದೂ ನಷ್ಟಕ್ಕೆ ಸಿಲುಕಿದ ಘಟಕಗಳನ್ನು ನಾನು ಬ್ಯಾಂಕಿನಿಂದ ಕಂಡಿದ್ದೇನೆ. ಕಾರಣ ಹುಡುಕುತ್ತ ಹೋದರೆ, ಮಾಲೀಕರು ಬೆಲೆ ಒಪ್ಪಿಕೊಂಡ ದಿನ ಈ ಲೆಕ್ಕವನ್ನು ಯಾರೂ ಹಾಕಿಯೇ ಇರುತ್ತಿರಲಿಲ್ಲ.

ಬ್ಯಾಂಕಿನ ಕೆಲಸದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಸಾರ್ವಜನಿಕ ರಂಗದ ಬ್ಯಾಂಕುಗಳ ಅಧಿಕಾರಿ ಹುದ್ದೆಗೂ ಗುಮಾಸ್ತ ದರ್ಜೆಯ ಹುದ್ದೆಗೂ ಯಾವುದೇ ವಿಷಯದ ಪದವಿ ಸಾಕು; ಪರೀಕ್ಷೆಯಲ್ಲಿ ಕೇಳುವುದು ಅಂಕಗಣಿತ, ತರ್ಕ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ. ರಿಸರ್ವ್ ಬ್ಯಾಂಕಿನ ಅಧಿಕಾರಿ ಹುದ್ದೆಯಲ್ಲಿ ಸಾಮಾನ್ಯ ವರ್ಗಕ್ಕೆ ಯಾವ ಪದವಿಯಾದರೂ ಆಗುತ್ತದೆಯಾದರೂ, ಅದರ ಸಂಶೋಧನೆ ಮತ್ತು ಅಂಕಿಅಂಶ ವಿಭಾಗಗಳಿಗೆ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳಂತಹ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಬೇಕು. ಬ್ಯಾಂಕಿಗೆ ಹೋಗಲೆಂದೇ ದುಬಾರಿಯಾದ "ಬ್ಯಾಂಕಿಂಗ್" ಎಂಬ ಹೆಸರಿನ ಪದವಿಯನ್ನು ಆರಿಸಬೇಕಾದ ಅಗತ್ಯವಿಲ್ಲ ಎಂಬುದಷ್ಟೇ ನನ್ನ ಸೂಚನೆ.

ಇನ್ನು ಗಣಿತದ ಮಾತು. ಇದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ನಮ್ಮ ಊರುಗಳು ಇದರ ಬೆಲೆಯನ್ನು ತೆತ್ತು ಕಲಿತಿವೆ.

2007ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 44 ರೂಪಾಯಿ ಸಿಗುತ್ತಿತ್ತು. ಆ ವರ್ಷ ಕಳೆಯುವಷ್ಟರಲ್ಲಿ ಅದು 40ಕ್ಕಿಂತ ಕೆಳಗಿಳಿಯಿತು. ಒಂದು ಲಕ್ಷ ಡಾಲರಿನ ಬನಿಯನ್ ಕಳುಹಿಸಿದವನಿಗೆ 44 ಲಕ್ಷ ಬರಬೇಕಾಗಿದ್ದಲ್ಲಿ 40 ಲಕ್ಷಕ್ಕೂ ಕಡಿಮೆ ಬಂದರೆ, ಅವನ ಲಾಭವಷ್ಟೇ ಅಲ್ಲ, ಕೂಲಿಯ ಹಣವೂ ಕರಗುತ್ತದೆ. ಇದಕ್ಕೆ ಹಳೆಯ ಕಾಲದ ಔಷಧವೆಂದರೆ ಮುಂಗಡ ಒಪ್ಪಂದ: ಮೂರು ತಿಂಗಳ ಅನಂತರ ಬರುವ ಡಾಲರನ್ನು ಇಂದೇ ಗೊತ್ತುಮಾಡಿದ ದರಕ್ಕೆ ಬ್ಯಾಂಕಿಗೆ ಮಾರಿಬಿಡುವುದು. ದರ ಏರಿದರೆ ಹೆಚ್ಚಿನ ಲಾಭವಿಲ್ಲ, ಇಳಿದರೆ ನಷ್ಟವೂ ಇಲ್ಲ, ನಿದ್ದೆಗೆ ಭಂಗವಿಲ್ಲ. ಆದರೆ ಆ ವರ್ಷಗಳಲ್ಲಿ ಹಲವು ಬ್ಯಾಂಕುಗಳು ಡೆರಿವೇಟಿವ್ ಎಂಬ ಹೆಸರಿನ ಹೊಸ ಒಪ್ಪಂದಗಳನ್ನು ತಂದುವು. ಅವುಗಳಲ್ಲಿ ಕೆಲವು ರೂಪಾಯಿಗೆ ಸಂಬಂಧಿಸಿದುವೂ ಆಗಿರಲಿಲ್ಲ. ಡಾಲರಿಗೂ ಸ್ವಿಸ್ ಫ್ರಾಂಕಿಗೂ ಇರುವ ದರವು ಒಂದು ಗೆರೆಯನ್ನು ಮುಟ್ಟದೆ ಉಳಿದರೆ ರಫ್ತುದಾರನಿಗೆ ಇಂತಿಷ್ಟು ಹಣ ದೊರೆಯುತ್ತದೆ. ಅವಧಿಯೊಳಗೆ ಒಮ್ಮೆಯಾದರೂ ಆ ಗೆರೆಯನ್ನು ಮುಟ್ಟಿತೋ, ಅವನು ನಷ್ಟದ ದರದಲ್ಲಿ ದೊಡ್ಡ ಮೊತ್ತಕ್ಕೆ ಬದ್ಧನಾಗುತ್ತಾನೆ. ದೊರೆಯುವುದಕ್ಕೆ ಮಿತಿಯಿತ್ತು, ಕೊಡಬೇಕಾದುದಕ್ಕೆ ಮಿತಿಯಿರಲಿಲ್ಲ. ಸರಳವಾಗಿ ಹೇಳುವುದಾದರೆ, ತನ್ನ ನಷ್ಟಕ್ಕೆ ವಿಮೆ ಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದ ರಫ್ತುದಾರ ವಾಸ್ತವದಲ್ಲಿ ಇನ್ನೊಬ್ಬರಿಗೆ ವಿಮೆ ಮಾರುತ್ತಿದ್ದ. 2008ರ ಮಾರ್ಚಿನಲ್ಲಿ ಡಾಲರು ಒಂದು ಫ್ರಾಂಕಿಗಿಂತಲೂ ಕೆಳಗೆ ಕುಸಿಯಿತು.

ತಿರುಪ್ಪೂರಿನ ಅನೇಕ ರಫ್ತುದಾರರು ಆಗ ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂದಿದೆ. ಕೊಯಮತ್ತೂರಿನ ರಾಜಶ್ರೀ ಶುಗರ್ಸ್ ಸಂಸ್ಥೆಯು ಇಂತಹುದೇ ಒಪ್ಪಂದದ ವಿಚಾರವಾಗಿ ಆಕ್ಸಿಸ್ ಬ್ಯಾಂಕಿನ ವಿರುದ್ಧ ಮದ್ರಾಸ್ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಇದು ಜೂಜು, ಆದುದರಿಂದ ಅಸಿಂಧು ಎಂಬ ವಾದವನ್ನು 2008ರ ಅಕ್ಟೋಬರಿನಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಡೆರಿವೇಟಿವ್ ಕುರಿತು ನಮ್ಮ ದೇಶದಲ್ಲಿ ಬಂದ ಮುಖ್ಯ ತೀರ್ಪುಗಳಲ್ಲಿ ಅದೂ ಒಂದು. ಅತ್ತ, ಗ್ರಾಹಕರಿಗೆ ಇಂತಹ ಒಪ್ಪಂದ ಹೊಂದುವುದೇ ಎಂದು ಸರಿಯಾಗಿ ಪರಿಶೀಲಿಸದೆ ನಿಯಮ ಮೀರಿದುದಕ್ಕಾಗಿ 2011ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು 19 ಬ್ಯಾಂಕುಗಳಿಗೆ ದಂಡ ವಿಧಿಸಿತು.

ಆ ದಿನಗಳಲ್ಲಿ ನಾನು ಹಲವು ರಫ್ತು ಕಚೇರಿಗಳಿಗೆ ಹೋಗಿಬರುತ್ತಿದ್ದೆ. ಅಲ್ಲಿಯ ಲೆಕ್ಕಿಗರು ಒಳ್ಳೆಯವರು, ನಂಬಿಕಸ್ಥರು, ಬಿ.ಕಾಂ. ಓದಿದವರು, ಪೈಸೆಗೆ ಪೈಸೆ ತಾಳೆ ನೋಡುತ್ತಿದ್ದರು. ಆದರೆ "ಗೆರೆ ಮುಟ್ಟುವ ಸಂಭವ ಎಷ್ಟು? ಮುಟ್ಟಿದರೆ ನಮ್ಮ ನಷ್ಟ ಎಷ್ಟರವರೆಗೆ ಹೋಗಬಹುದು?" ಎಂದು ಕಾಗದದ ಮೇಲೆ ಒಂದು ರೇಖಾಚಿತ್ರ ಬರೆದು ಮಾಲೀಕರಿಗೆ ತೋರಿಸಬಲ್ಲವರು ಇರಲಿಲ್ಲ. ಅವರ ಪಠ್ಯದಲ್ಲಿ ಅದು ಬಂದೇ ಇರಲಿಲ್ಲ. ಸಂಭವನೀಯತೆಯನ್ನು ಸರಿಯಾಗಿ ಕಲಿತ ಒಬ್ಬ ಸಂಖ್ಯಾಶಾಸ್ತ್ರದ ಹುಡುಗಿ ಆ ಕಚೇರಿಯಲ್ಲಿದ್ದಿದ್ದರೆ ಅರ್ಧ ಗಂಟೆಯಲ್ಲಿ ಆ ಚಿತ್ರವನ್ನು ಬರೆಯುತ್ತಿದ್ದಳು. ಹಾಗೆಂದು ಗಣಿತವೊಂದೇ ಸಾಲದು. ರಫ್ತಿನ ಬಿಲ್ಲು ಎಂದು ಬರುತ್ತದೆ, ಸಾಗಣೆ ತಡವಾದರೆ ಏನಾಗುತ್ತದೆ, ಪ್ಯಾಕಿಂಗ್ ಸಾಲದ ಅವಧಿ ಎಷ್ಟು ಎಂಬುದು ಗೊತ್ತಿಲ್ಲದಿದ್ದರೆ ಆ ಚಿತ್ರಕ್ಕೆ ಕಾಲಿಲ್ಲ. ವಾಣಿಜ್ಯ ಓದಿದವರು ಗಣಿತವನ್ನು ಬಿಡಬಾರದು, ಗಣಿತ ಓದಿದವರು ಲೆಕ್ಕಪತ್ರ ಓದುವುದನ್ನು ಕಲಿಯಬೇಕು. ನನ್ನ ಅನುಭವದಲ್ಲಿ ಎರಡನೆಯದು ಸುಲಭ. ಖರ್ಚು ಜಮಾ ಬರೆಯುವುದನ್ನು ಮೂವತ್ತನೆಯ ವಯಸ್ಸಿನಲ್ಲಿಯೂ ಕಲಿಯಬಹುದು. ಹದಿನಾರರಲ್ಲಿ ಬಿಟ್ಟ ಗಣಿತವನ್ನು ಮತ್ತೆ ಹಿಡಿದವರು ಬಲು ಅಪರೂಪ.

ಗಣಿತ, ಸಂಖ್ಯಾಶಾಸ್ತ್ರ ಓದಿದವರಿಗೆ ಮಾತ್ರ ತೆರೆಯುವ ಕೆಲವು ಬಾಗಿಲುಗಳನ್ನು ಹೆಸರಿಸುತ್ತೇನೆ. ವಿಮಾ ಸಂಸ್ಥೆಗಳಲ್ಲಿ ಕಂತಿನ ಮೊತ್ತವನ್ನೂ ಮೀಸಲು ನಿಧಿಯನ್ನೂ ಲೆಕ್ಕಹಾಕುವ ಆಕ್ಚುಯರಿ ಎಂಬ ತಜ್ಞರಿದ್ದಾರೆ. ಅವರ ಸಂಸ್ಥೆ 2006ರ ಕಾಯಿದೆಯಡಿ ನಡೆಯುತ್ತಿದೆ. ಪ್ರವೇಶ ಪರೀಕ್ಷೆಯನ್ನು ಪ್ಲಸ್ ಟು ಮುಗಿಸಿದವರೂ ಬರೆಯಬಹುದಾದರೂ, ಮುಂದಿನ ಪರೀಕ್ಷೆಗಳು ಗಣಿತದ ಬಲವಿಲ್ಲದವರನ್ನು ಮುಂದಕ್ಕೆ ಬಿಡುವುದಿಲ್ಲ. ಕೇಂದ್ರ ಸರಕಾರದ ಭಾರತೀಯ ಸಂಖ್ಯಾಶಾಸ್ತ್ರ ಸೇವೆಗೆ ಪದವಿಯಲ್ಲಿ ಆ ವಿಷಯವಿರಲೇಬೇಕು. ಬುದ್ಧಿವಂತ ಮಕ್ಕಳಿಗೆ 1931ರಲ್ಲಿ ಮಹಲನೋಬಿಸರು ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದ ಗಣಿತ ಪದವಿಯೂ ಒಂದು ಗುರಿಯಾಗಬಹುದು. ನಮ್ಮ ಶಾಲೆಯಿಂದ ಒಬ್ಬರಾದರೂ ಅಲ್ಲಿಗೆ ಹೋಗಲಿ ಎಂಬುದು ನನ್ನ ಬಹುದಿನದ ಆಸೆ.

ಅರ್ಥಶಾಸ್ತ್ರವನ್ನು ನಮ್ಮಲ್ಲಿ "ಬೇರೆ ಸೀಟು ಸಿಗದವರು ಓದುವ ವಿಷಯ" ಎಂದು ಭಾವಿಸುವುದುಂಟು. ಇದು ಅನ್ಯಾಯ. ಆದರೆ ಗಣಿತವಿಲ್ಲದೆ ಓದಿದ ಅರ್ಥಶಾಸ್ತ್ರ ಹಣಕಾಸಿನ ಕ್ಷೇತ್ರದಲ್ಲಿ ಹೆಚ್ಚು ದೂರ ಒಯ್ಯುವುದಿಲ್ಲ ಎಂಬುದೂ ನಿಜ. ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಆನರ್ಸ್ ತರಗತಿಗೆ ಪ್ಲಸ್ ಟುವಿನಲ್ಲಿ ಗಣಿತವನ್ನು ಕೇಳುತ್ತಾರೆ. ಬಿ.ಬಿ.ಎ. ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಮನೆಯಲ್ಲಿ ನಡೆಯುತ್ತಿರುವ ವ್ಯಾಪಾರವಿದ್ದು ಅದಕ್ಕೇ ಮರಳುವ ಮಗನಿಗೆ ಅದು ಆದೀತು. ಇಂಜಿನಿಯರಿಂಗ್ ಓದಿ ಅನಂತರ ಎಂ.ಬಿ.ಎ. ಮಾಡಿ ಹಣಕಾಸಿಗೆ ಬರುವವರು ಬಹಳ. ಮಂಗಳೂರಿನ ಕೆ.ವಿ. ಕಾಮತ್ ಅವರು ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಅಹಮದಾಬಾದಿನ ಆಡಳಿತ ಸಂಸ್ಥೆಯ ಮೂಲಕ ಐ.ಸಿ.ಐ.ಸಿ.ಐ. ಬ್ಯಾಂಕಿನ ಮುಖ್ಯಸ್ಥರಾದರು. ಆದರೆ ಅದಕ್ಕೆ ಎರಡು ಶುಲ್ಕ, ಆರು ವರ್ಷ. ಮಗ್ಗದ ಮನೆಗೆ ಅದು ಭಾರ.

ಶುಲ್ಕದ ಮಾತು ಬಂದುದರಿಂದ ಪೋಷಕರು ಗಮನಿಸಬೇಕಾದ ಒಂದು ಸಂಗತಿ. ಕೊಯಮತ್ತೂರಿನ ಹಳೆಯ ಕಾಲೇಜುಗಳು ಹಲವು ಸರಕಾರದ ಅನುದಾನ ಪಡೆದವು. ಒಂದೇ ಕಟ್ಟಡದಲ್ಲಿ ಅನುದಾನಿತ ಕೋರ್ಸುಗಳೂ ಸ್ವಂತ ಹಣಕಾಸಿನ ಕೋರ್ಸುಗಳೂ ನಡೆಯುತ್ತವೆ. ಸಾದಾ ಬಿ.ಕಾಂ., ಗಣಿತ, ಅರ್ಥಶಾಸ್ತ್ರಗಳಂತಹ ಹಳೆಯ ವಿಷಯಗಳು ಹೆಚ್ಚಾಗಿ ಮೊದಲನೆಯ ಬಗೆಯವು. ಉದ್ದವಾದ ಆಕರ್ಷಕ ಹೆಸರುಗಳವು ಹೆಚ್ಚಾಗಿ ಎರಡನೆಯ ಬಗೆಯವು. ಎರಡರ ಶುಲ್ಕಕ್ಕೂ ಅಜಗಜಾಂತರ. ತಿರುಪ್ಪೂರಿನವರಿಗೆ ಚಿಕ್ಕಣ್ಣ ಸರಕಾರಿ ಕಲಾ ಕಾಲೇಜೂ, ಹೆಣ್ಣುಮಕ್ಕಳಿಗಾಗಿ ಎಲ್.ಆರ್.ಜಿ. ಸರಕಾರಿ ಕಾಲೇಜೂ ಊರಿನಲ್ಲಿಯೇ ಇವೆ. ಅರ್ಜಿ ತುಂಬುವಾಗ "ಇದು ಅನುದಾನಿತವೆ?" ಎಂದು ಕೇಳಲು ಸಂಕೋಚ ಬೇಡ.

ಸಿರುಮುಗೈಯ ಹುಡುಗಿಯ ಅಂಕಪಟ್ಟಿಯನ್ನು ಅಂದು ನಾನು ಕೇಳಿ ನೋಡಿದೆ. ವ್ಯವಹಾರ ಗಣಿತದಲ್ಲಿ 97 ಇತ್ತು. ತಂದೆ ಅದನ್ನು ಗಮನಿಸಿರಲಿಲ್ಲ. ಒಟ್ಟು ಅಂಕವನ್ನಷ್ಟೇ ನೋಡಿದ್ದರು. ಸಂಖ್ಯಾಶಾಸ್ತ್ರ ಓದಮ್ಮ ಎಂದು ನಾನು ಹೇಳಿದೆ. ಅವಳು ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಇಲ್ಲ ತಾತ, ಅಪ್ಪನ ಸೀರೆಗೆ ವ್ಯಾಪಾರಿ ಯಾಕೆ ಅಷ್ಟು ಬೆಲೆ ಕಟ್ಟುತ್ತಾನೆ ಅನ್ನುವುದು ನನಗೆ ಮೊದಲು ಗೊತ್ತಾಗಬೇಕು" ಎಂದಳು. ಅನುದಾನಿತ ಬಿ.ಕಾಂ. ಸೇರಿದಳು. ಸರ ಅಡವಿಗೆ ಹೋಗಲಿಲ್ಲ. ಉಳಿದ ಹಣದಲ್ಲಿ ವೆಚ್ಚ ಲೆಕ್ಕಿಗರ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ಪರೀಕ್ಷೆಗಳನ್ನು ಒಂದೊಂದಾಗಿ ಬರೆಯುತ್ತ, ಈಗ ತಿರುಪ್ಪೂರಿನ ರಫ್ತು ಘಟಕವೊಂದರಲ್ಲಿ ಬೆಲೆ ಕಟ್ಟುವ ವಿಭಾಗದಲ್ಲಿದ್ದಾಳೆ. ಅವಳ ತಮ್ಮ ಮಾತ್ರ ಗಣಿತದ ಗುಂಪನ್ನು ಸೇರಿದ್ದಾನೆ.

ಗುಂಪು ಎಂದೆ. ನಿಜವಾದ ಆಯ್ಕೆ ನಡೆಯುವುದು ಕಾಲೇಜಿನ ಬಾಗಿಲಲ್ಲಿ ಅಲ್ಲ, ಅದಕ್ಕೆ ಎರಡು ವರ್ಷ ಮುಂಚೆ, ಹತ್ತನೆಯ ತರಗತಿ ಮುಗಿಸಿ ಪ್ಲಸ್ ಒನ್ ಸೇರುವಾಗ. ತಮಿಳುನಾಡಿನ ವ್ಯವಸ್ಥೆಯಲ್ಲಿ ವಾಣಿಜ್ಯದ ಗುಂಪಿನಲ್ಲಿ ಅರ್ಥಶಾಸ್ತ್ರ, ವಾಣಿಜ್ಯ, ಲೆಕ್ಕಶಾಸ್ತ್ರಗಳ ಜೊತೆಗೆ ನಾಲ್ಕನೆಯ ವಿಷಯವಾಗಿ ವ್ಯವಹಾರ ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನೋ ಕಂಪ್ಯೂಟರನ್ನೋ ಇತಿಹಾಸವನ್ನೋ ಆರಿಸಬೇಕು. ಗಣಿತವೆಂದರೆ ಅಂಕ ಕಡಿಮೆಯಾದೀತೆಂಬ ಭಯದಿಂದ ಬಹುಮಂದಿ ಅದನ್ನು ಬಿಡುತ್ತಾರೆ. ಆ ಒಂದು ಸಹಿಯಿಂದ ಮೇಲೆ ಹೇಳಿದ ಬಾಗಿಲುಗಳಲ್ಲಿ ಅರ್ಧದಷ್ಟು ಮುಚ್ಚಿಹೋಗುತ್ತವೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನಮ್ಮ ಶಾಲೆಯ ಗಣಿತ ಶಿಕ್ಷಕರು ಹತ್ತನೆಯ ತರಗತಿಯ ಪೋಷಕರ ಸಭೆಯಲ್ಲಿ ಇದನ್ನು ಹೇಳಿದರೆ ಬಹಳ ಉಪಕಾರವಾಗುತ್ತದೆ.

ಉದ್ಯೋಗಕ್ಕಲ್ಲದಿದ್ದರೂ ಮನೆಗೊಬ್ಬರಿಗೆ ಈ ಲೆಕ್ಕ ಬೇಕು. ತಿರುಪ್ಪೂರಿನ ಪಾಝಿ ಫಾರೆಕ್ಸ್ ಎಂಬ ಸಂಸ್ಥೆಯ ಹಗರಣವನ್ನು ಓದುಗರು ಮರೆತಿರಲಾರರು. ವಿದೇಶಿ ವಿನಿಮಯದಲ್ಲಿ ಹಣ ತೊಡಗಿಸಿ ಭಾರಿ ಲಾಭ ಕೊಡುವುದಾಗಿ ನಂಬಿಸಿ 2008–09ರ ಸುಮಾರಿಗೆ ಜನರಿಂದ 900 ಕೋಟಿ ರೂಪಾಯಿಗೂ ಮೀರಿ ಸಂಗ್ರಹಿಸಿದ ಆ ಪ್ರಕರಣದಲ್ಲಿ ಕೊಯಮತ್ತೂರಿನ ವಿಶೇಷ ನ್ಯಾಯಾಲಯ ಇಬ್ಬರು ನಿರ್ದೇಶಕರಿಗೆ 27 ವರ್ಷಗಳ ಶಿಕ್ಷೆ ವಿಧಿಸಿದುದು 2022ರ ಆಗಸ್ಟಿನಲ್ಲಿ. ಯಾರಾದರೂ ತಿಂಗಳಿಗೆ ಶೇಕಡಾ 10ರಂತೆ ಕೊಡುತ್ತೇನೆಂದರೆ ಚಕ್ರಬಡ್ಡಿಯ ಲೆಕ್ಕ ಹಾಕಿ ನೋಡಿ: ಒಂದು ಲಕ್ಷ ರೂಪಾಯಿ ಒಂದು ವರ್ಷಕ್ಕೆ ಮೂರು ಲಕ್ಷ ಮೀರುತ್ತದೆ, ಐದು ವರ್ಷಕ್ಕೆ ಮೂರು ಕೋಟಿ ಮೀರುತ್ತದೆ. ಯಾವ ವ್ಯಾಪಾರದಲ್ಲಿ ಇದು ಸಾಧ್ಯ? ಒಂಬತ್ತನೆಯ ತರಗತಿಯ ಹುಡುಗ ಹಾಕಬಹುದಾದ ಈ ಲೆಕ್ಕವನ್ನು ಹಾಕದೆ ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಕಳೆದುಕೊಂಡವರು ನಮ್ಮ ನೆರೆಹೊರೆಯಲ್ಲಿಯೇ ಇದ್ದಾರೆ.

ಕೊನೆಯದಾಗಿ ನಮ್ಮ ಶಾಲೆಗೆ ಹತ್ತಿರವಾದ ಒಂದು ವಿಷಯ. ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತ ದರ್ಜೆಗೆ, ಈಗ ಅದಕ್ಕೆ ಹೊಸ ಹೆಸರು ಕೊಟ್ಟಿದ್ದಾರೆ, ಅರ್ಜಿ ಹಾಕುವವರು ಒಂದು ರಾಜ್ಯವನ್ನು ಆರಿಸಬೇಕು. ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಆಡಲು ಬಲ್ಲವರಾಗಿರಬೇಕು. ಇದಕ್ಕಾಗಿ ಭಾಷಾ ಪರೀಕ್ಷೆಯನ್ನೂ ನಡೆಸುತ್ತಾರೆ. ನಮ್ಮ ಮಕ್ಕಳು ಇಲ್ಲಿಯೇ ಓದಿದವರಾದುದರಿಂದ ತಮಿಳು ಅವರಿಗೆ ಸಲೀಸು. ಕನ್ನಡವನ್ನು ಮನೆಯಲ್ಲಿ ಆಡುವುದಷ್ಟೇ ಅಲ್ಲದೆ ಅಕ್ಷರ ಕಲಿತು ಓದಿ ಬರೆಯಬಲ್ಲವರಾದರೆ, ತಮಿಳುನಾಡೋ ಕರ್ನಾಟಕವೋ ಎಂದು ಆ ವರ್ಷ ಯಾವ ಕಡೆ ಹುದ್ದೆಗಳು ಹೆಚ್ಚಾಗಿವೆಯೋ ನೋಡಿಕೊಂಡು ಅರ್ಜಿ ಹಾಕಬಹುದು. ನನಗೆ ಗೊತ್ತಿರುವ ಇಬ್ಬರು ಹುಡುಗರು ಮಾತಿನಲ್ಲಿ ಚೆನ್ನಾಗಿದ್ದರೂ ಕನ್ನಡದ ಒಂದು ಪ್ಯಾರಾ ಓದಲಾರದೆ ಈ ಅವಕಾಶವನ್ನು ಬಿಡಬೇಕಾಯಿತು. ಇಬ್ಬರೂ ನಮ್ಮ ಶಾಲೆಯ ಸಮೀಪದ ಬೀದಿಯವರೇ, ಆದರೆ ಇಲ್ಲಿ ಓದಿದವರಲ್ಲ.

ಪ್ಲಸ್ ಟು ಫಲಿತಾಂಶ ಬಂದ ಮೇಲಿನ ನಾಲ್ಕು ಭಾನುವಾರ ಬೆಳಿಗ್ಗೆ ಹತ್ತರಿಂದ ಶಾಲೆಯ ಗ್ರಂಥಾಲಯದಲ್ಲಿ ನಾನು ಕುಳಿತಿರಲು ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟಿದ್ದಾರೆ. ಹತ್ತನೆಯ ತರಗತಿ ಮುಗಿಸಿದವರೂ ಬರಬಹುದು. ಬರುವಾಗ ಅಂಕಪಟ್ಟಿಯನ್ನೂ, ಅರ್ಜಿ ಹಾಕಿರುವ ಕಾಲೇಜುಗಳ ಶುಲ್ಕದ ವಿವರವನ್ನೂ, ಸಾಧ್ಯವಾದರೆ ತಾಯಿಯವರನ್ನೂ ಜೊತೆಗೆ ಕರೆತರಬೇಕು.